ಕಾರವಾರ, ಶಿರಸಿಯಿಂದ ವಿಮಾನ ಹಿಡಿಯುವವರಿಗೆ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ವಿಮಾನ ನಿಲ್ದಾಣ ಇದೆಯೇ?

ಜನ ಟಿಕೆಟ್ ತೆಗೆದು ಹತ್ತುವಂಥದ್ದು ಇಲ್ಲ. ಕಾರವಾರದಲ್ಲಿರುವುದು ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ, ಅದಕ್ಕೇ ಹೊಂದಿಕೊಂಡು ನಾಗರಿಕರಿಗೊಂದು ಟರ್ಮಿನಲ್ ಎಂಬ ಯೋಜನೆಯ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ನಂಬಿ ಮುಂದಿನ ತಿಂಗಳ ಪ್ರಯಾಣ ಗೊತ್ತು ಮಾಡಲು ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಟಿಕೆಟ್ ಆ್ಯಪಿನಲ್ಲಿ ಕಾರವಾರ ಎಂದುಕೊಂಡು 'ಕೆಆರ್‌ಡಬ್ಲ್ಯು' ಎಂದು ಹೊಡೆದರೆ ಕ್ಯಾಸ್ಪಿಯನ್ ಸಮುದ್ರದ ದಂಡೆಯ ತುರ್ಕಮೆನ್‌ಬಾಶಿ ಬರುತ್ತದೆ. ಆ ಮೂರಕ್ಷರದ ನಿಲ್ದಾಣ ಸಂಕೇತ ತುರ್ಕಮೆನಿಸ್ತಾನದವರ ಪಾಲಾಗಿದೆ.

ಹಾಗಾದರೆ ಯಾವ ಊರಿನವರು ಯಾವ ನಿಲ್ದಾಣಕ್ಕೆ ಹೋಗಬೇಕು?

ಶಿರಸಿ, ಯಲ್ಲಾಪುರ, ಮುಂಡಗೋಡ, ಹಳಿಯಾಳದವರಿಗೆ ಹುಬ್ಬಳ್ಳಿ. ಇದರಲ್ಲಿ ಎರಡು ಮಾತಿಲ್ಲ. ಭಟ್ಕಳ, ಹೊನ್ನಾವರದವರಿಗೆ ಮಂಗಳೂರು. ಹೊನ್ನಾವರದಿಂದ ಸುಮಾರು 180 ಕಿ.ಮೀ. ಆದರೂ ಘಟ್ಟ ಹತ್ತುವ ಕೆಲಸವಿಲ್ಲ. ಸಿದ್ದಾಪುರದವರು ಶಿವಮೊಗ್ಗವನ್ನೂ ನೋಡಬಹುದು, ಆದರೆ ಆ ನಿಲ್ದಾಣ ಸೋಗಾನೆಯಲ್ಲಿದೆ. ಸಾಗರದ ಕಡೆಯಿಂದ ಹೋದವರು ಶಿವಮೊಗ್ಗ ಪೇಟೆಯನ್ನು ದಾಟಿಯೇ ಹೋಗಬೇಕು.

ಕಾರವಾರಕ್ಕೆ ಹತ್ತಿರ ಗೋವಾದ ದಾಬೋಲಿಮ್. ರಸ್ತೆಯಲ್ಲಿ 90 ಕಿ.ಮೀ. ಆಸುಪಾಸು. ಹುಬ್ಬಳ್ಳಿಯಾದರೆ ಸುಮಾರು 165, ಅದರಲ್ಲೂ ಅರಬೈಲ್ ಘಟ್ಟ. ಕುಮಟೆಯವರದ್ದು ನಿಜಕ್ಕೂ ಅತಂತ್ರ. ದಾಬೋಲಿಮ್, ಹುಬ್ಬಳ್ಳಿ, ಮಂಗಳೂರು ಮೂರೂ ಹೆಚ್ಚುಕಡಿಮೆ ಒಂದೇ ದೂರ ಅನ್ನಿಸುತ್ತವೆ. ಅಂಥವರು ದೂರ ನೋಡದೆ ಆ ದಿನದ ದರ, ಹೊತ್ತು ನೋಡಿ ತೀರ್ಮಾನಿಸುವುದೇ ವಾಸಿ.

ಎರಡು ನಿಲ್ದಾಣಗಳ ನಡುವಿನ ದೂರವನ್ನು ನಾವೇ ಲೆಕ್ಕ ಹಾಕಬಹುದೇ?

ಹಾಕಬಹುದು. ಫೋನಿನ ಕ್ಯಾಲ್ಕುಲೇಟರ್ ಸಾಕು. ಹುಬ್ಬಳ್ಳಿ–ಮಂಗಳೂರನ್ನೇ ತೆಗೆದುಕೊಳ್ಳಿ.

ನಕ್ಷೆಯಲ್ಲಿ ಹುಬ್ಬಳ್ಳಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ 15.36, ರೇಖಾಂಶ 75.08 ಎಂದು ಬರುತ್ತದೆ. ಮಂಗಳೂರು ನಿಲ್ದಾಣದ್ದು 12.96 ಮತ್ತು 74.89. ಅಕ್ಷಾಂಶದ ವ್ಯತ್ಯಾಸ 2.40. ಒಂದು ಡಿಗ್ರಿ ಅಕ್ಷಾಂಶಕ್ಕೆ 111.2 ಕಿ.ಮೀ., ಆದ್ದರಿಂದ ಉತ್ತರ–ದಕ್ಷಿಣ 266.9 ಕಿ.ಮೀ. ರೇಖಾಂಶದ ವ್ಯತ್ಯಾಸ 0.19. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿಗೆ ಸುಮಾರು 107.8 ಕಿ.ಮೀ. ಹಾಗಾಗಿ ಪೂರ್ವ–ಪಶ್ಚಿಮ 20.5 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಿರಿ: 268 ಕಿ.ಮೀ. ಹೈಸ್ಕೂಲಿನ ಪೈಥಾಗೊರಸ್, ಬೇರೇನಲ್ಲ. ಇಪ್ಪತ್ತು ಕಿಲೋಮೀಟರ್ ಅಡ್ಡಕ್ಕೆ ಸರಿದರೂ ಒಟ್ಟು ದೂರಕ್ಕೆ ಸೇರಿದ್ದು ಒಂದೇ ಕಿಲೋಮೀಟರ್ ಎಂಬುದನ್ನು ಗಮನಿಸಿ.

ಐನೂರು ಆರುನೂರು ಕಿ.ಮೀ. ಒಳಗೆ ಈ ಲೆಕ್ಕ ನಡೆಯುತ್ತದೆ. ದೆಹಲಿಯವರೆಗೆ ಎಳೆದರೆ ಭೂಮಿಯ ಗುಂಡುತನ ಲೆಕ್ಕಕ್ಕೆ ಬರುತ್ತದೆ, ಅಲ್ಲಿ ಈ ದಾರಿ ಬೇಡ.

ನಮಗೆ ಬೇಕಾಗುವ ಜೋಡಿಗಳ ದೂರ ಒಂದೇ ಕಡೆ ಕೊಡಿ.

ಇವೆಲ್ಲ ನಿಲ್ದಾಣದಿಂದ ನಿಲ್ದಾಣಕ್ಕೆ, ನೇರ ಗೆರೆಯ ದೂರ:

ಹುಬ್ಬಳ್ಳಿ–ಬೆಂಗಳೂರು: 371 ಕಿ.ಮೀ.
ಹುಬ್ಬಳ್ಳಿ–ಮಂಗಳೂರು: 268 ಕಿ.ಮೀ.
ಹುಬ್ಬಳ್ಳಿ–ದಾಬೋಲಿಮ್: 134 ಕಿ.ಮೀ.
ಹುಬ್ಬಳ್ಳಿ–ಬೆಳಗಾವಿ: 75 ಕಿ.ಮೀ.
ಬೆಳಗಾವಿ–ಬೆಂಗಳೂರು: 445 ಕಿ.ಮೀ.
ದಾಬೋಲಿಮ್–ಬೆಂಗಳೂರು: 483 ಕಿ.ಮೀ.
ಮಂಗಳೂರು–ಬೆಂಗಳೂರು: 306 ಕಿ.ಮೀ.
ಶಿವಮೊಗ್ಗ–ಬೆಂಗಳೂರು: ಸುಮಾರು 240 ಕಿ.ಮೀ.

ಒಂದೊಂದು ಜಾಲತಾಣ ಒಂದೊಂದು ಅಂಕಿ ತೋರಿಸುವುದಕ್ಕೆ ಕಾರಣ ಎರಡು. ಕೆಲವರು ನಿಲ್ದಾಣದ ಬದಲು ಊರಿನ ನಡುಮಧ್ಯದಿಂದ ಅಳೆಯುತ್ತಾರೆ. ಬೆಂಗಳೂರಿನಂಥ ಕಡೆ ಪೇಟೆಗೂ ನಿಲ್ದಾಣಕ್ಕೂ ಇರುವ ಅಂತರವೇ ದೊಡ್ಡದು. ಇನ್ನು ಕೆಲವರು ನಾಟಿಕಲ್ ಮೈಲಿಯಲ್ಲಿ ಕೊಟ್ಟಿರುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಹುಬ್ಬಳ್ಳಿ–ಬೆಂಗಳೂರು '200' ಎಂದು ಕಂಡರೆ ಅದೇನೂ ತಪ್ಪಲ್ಲ.

ಹುಬ್ಬಳ್ಳಿ–ಮಂಗಳೂರು 'ಹಾರಾಟ 20 ನಿಮಿಷ' ಎಂದು ಒಂದು ತಾಣ ತೋರಿಸುತ್ತದೆ, ಟಿಕೆಟಿನಲ್ಲಿ ಒಂದು ತಾಸಿನ ಮೇಲೆ ಇರುತ್ತದೆ. ಯಾವುದು ನಿಜ?

ಟಿಕೆಟಿನದ್ದು. ಇಪ್ಪತ್ತು ನಿಮಿಷ ಎನ್ನುವ ತಾಣ 268ನ್ನು 800ರಿಂದ ಭಾಗಿಸಿ ಕೈತೊಳೆದುಕೊಂಡಿದೆ. ಅದು ಜೆಟ್ ವಿಮಾನ ಎತ್ತರದಲ್ಲಿ ಸಮನಾಗಿ ಓಡುವಾಗಿನ ವೇಗ. ಸಣ್ಣ ನಿಲ್ದಾಣಗಳಿಗೆ ಬರುವುದು ಬಹುಪಾಲು ಎಟಿಆರ್ 72, ರೆಕ್ಕೆಯಲ್ಲಿ ಫ್ಯಾನ್ ತಿರುಗುವ ವಿಮಾನ. ಅದರ ಓಟ ತಾಸಿಗೆ 500 ಕಿ.ಮೀ. ಆಚೀಚೆ. ಆ ವೇಗವೂ ನೆಲ ಬಿಟ್ಟ ಕೂಡಲೇ ಬರುವುದಿಲ್ಲ. ಮೇಲೇರಲು ಕಾಲು ತಾಸು, ಇಳಿಯಲು ಅಷ್ಟೇ ಹೊತ್ತು. ಹತ್ತು ಸಾವಿರ ಅಡಿಯ ಕೆಳಗೆ ಎಲ್ಲ ವಿಮಾನಗಳಿಗೂ 250 ನಾಟ್‌ಗಳ (ತಾಸಿಗೆ ಸುಮಾರು 463 ಕಿ.ಮೀ.) ಮಿತಿ ಇದೆ.

ಟಿಕೆಟಿನಲ್ಲಿ ಇರುವುದು ಬ್ಲಾಕ್ ಸಮಯ. ಅಂದರೆ ವಿಮಾನ ನಿಂತ ಜಾಗದಿಂದ ಚಕ್ರ ಉರುಳಿದ ಗಳಿಗೆಯಿಂದ, ಇಳಿದ ಊರಿನಲ್ಲಿ ನಿಲ್ಲುವ ಜಾಗಕ್ಕೆ ಬಂದು ಚಕ್ರ ನಿಲ್ಲುವವರೆಗೆ. ರನ್‌ವೇವರೆಗೆ ತೆವಳುವುದು, ಸರದಿಗಾಗಿ ಕಾಯುವುದು ಎಲ್ಲ ಅದರೊಳಗೇ ಬರುತ್ತದೆ.

ಅಂದಾಜಿಗೆ ಒಂದು ಸೂತ್ರ: ಎಟಿಆರ್ ಆದರೆ ದೂರವನ್ನು 500ರಿಂದ ಭಾಗಿಸಿ, 60ರಿಂದ ಗುಣಿಸಿ, 30 ನಿಮಿಷ ಸೇರಿಸಿ. ಹುಬ್ಬಳ್ಳಿ–ಬೆಂಗಳೂರು 45 ಮತ್ತು 30, ಒಟ್ಟು 75 ನಿಮಿಷ. ಹುಬ್ಬಳ್ಳಿ–ಮಂಗಳೂರು 32 ಮತ್ತು 30, ಒಟ್ಟು 62. ಏರ್‌ಬಸ್ 320, ಎಂಬ್ರೇಯರ್‌ನಂಥ ಜೆಟ್ ಆದರೆ 800ರಿಂದ ಭಾಗಿಸಿ 35 ಸೇರಿಸಿ. ದಾಬೋಲಿಮ್–ಬೆಂಗಳೂರು 36 ಮತ್ತು 35, ಒಟ್ಟು 71. ವೇಳಾಪಟ್ಟಿಗೂ ಇದಕ್ಕೂ ಐದು ಹತ್ತು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಾಮಾನ್ಯವಾಗಿ ಬರುವುದಿಲ್ಲ.

371 ಕಿ.ಮೀ. ದೂರಕ್ಕೆ ಜೆಟ್ ಹತ್ತಿದರೆ ಉಳಿಯುವುದು ಹತ್ತು ಹನ್ನೆರಡು ನಿಮಿಷ ಮಾತ್ರ. ಜೆಟ್ ಸಿಗುತ್ತದೆಂದು ಸಾವಿರ ರೂಪಾಯಿ ಹೆಚ್ಚು ಕೊಡುವ ಅಗತ್ಯವಿಲ್ಲ.

ಹೋಗುವಾಗ ಬೇಗ, ಬರುವಾಗ ತಡ ಏಕೆ?

ಒಂದು ಕಾರಣ ಗಾಳಿ. ತಾಸಿಗೆ 40 ಕಿ.ಮೀ. ಎದುರುಗಾಳಿ ಇದ್ದರೆ ಹುಬ್ಬಳ್ಳಿ–ಬೆಂಗಳೂರು ದೂರಕ್ಕೆ ನಾಲ್ಕು ನಿಮಿಷದ ವ್ಯತ್ಯಾಸ. ಅಷ್ಟೇ. ಜನ ಗಾಳಿಯ ಮೇಲೆ ಹಾಕುವ ತಪ್ಪು ಬಹಳ ಸಲ ಗಾಳಿಯದ್ದಲ್ಲ.

ದೊಡ್ಡ ಕಾರಣ ರನ್‌ವೇ ದಿಕ್ಕು. ಹುಬ್ಬಳ್ಳಿಯ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ವಿಮಾನ ಗಾಳಿಗೆ ಮುಖ ಮಾಡಿ ಇಳಿಯಬೇಕು. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ಬೆಂಗಳೂರಿನಿಂದ ಬಂದ ವಿಮಾನ ಪೂರ್ವದ ತುದಿಯಿಂದ ನೇರ ಬಂದು ಇಳಿದುಬಿಡುತ್ತದೆ. ಗಾಳಿ ತಿರುಗಿದರೆ ನಿಲ್ದಾಣವನ್ನು ದಾಟಿ ಹೋಗಿ, ಸುತ್ತಿ ಬಂದು ಪಶ್ಚಿಮದ ತುದಿಯಿಂದ ಇಳಿಯಬೇಕು. ಕೆಳಗೆ ಗೋಕುಲ ರಸ್ತೆ ಕಂಡಮೇಲೂ ಏಳೆಂಟು ನಿಮಿಷ ಸುತ್ತುವುದು ಇದಕ್ಕೇ. ಮೂರನೆಯದು ಬೆಂಗಳೂರಿನ ದಟ್ಟಣೆ. ಬೆಳಗ್ಗೆ, ಸಂಜೆ ಅಲ್ಲಿ ಸರದಿ ಉದ್ದವಿರುತ್ತದೆ.

ಕಾರವಾರದಿಂದ ಬೆಂಗಳೂರಿಗೆ ವಿಮಾನ ನಿಜಕ್ಕೂ ಲಾಭವೇ?

ಬರೀ ಬೆಂಗಳೂರಿಗಾದರೆ ನಮ್ಮ ಉತ್ತರ: ಹೆಚ್ಚಿನ ಸಲ ಇಲ್ಲ.

ಲೆಕ್ಕ ನೋಡಿ. ಕಾರವಾರದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನಾಲ್ಕು ತಾಸು. ಅಲ್ಲಿ ಕಡಿಮೆಯೆಂದರೂ ಒಂದೂವರೆ ತಾಸು ಮುಂಚೆ ಇರಬೇಕು. ವಿಮಾನ ಒಂದೂ ಕಾಲು ತಾಸು. ಬೆಂಗಳೂರು ನಿಲ್ದಾಣದಿಂದ ಮೆಜೆಸ್ಟಿಕ್‌ಗೆ 35 ಕಿ.ಮೀ.ಗೂ ಹೆಚ್ಚು, ಲಗೇಜು ತೆಗೆದುಕೊಳ್ಳುವುದೂ ಸೇರಿ ಒಂದೂವರೆ ತಾಸು. ಒಟ್ಟು ಎಂಟೂ ಕಾಲು ತಾಸು, ಅದೂ ಹಗಲು ಹೊತ್ತು. ರಾತ್ರಿ ಬಸ್ಸು ಹತ್ತು ಹನ್ನೊಂದು ತಾಸು ತೆಗೆದುಕೊಂಡರೂ ನಿದ್ದೆಯಲ್ಲಿ ಕಳೆಯುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್ ಕೂಡ ಇದೆ.

ದಾಬೋಲಿಮ್ ದಾರಿ ಸ್ವಲ್ಪ ಚುರುಕು: ರಸ್ತೆ ಎರಡೂವರೆ ತಾಸು, ಉಳಿದದ್ದು ಹಾಗೆಯೇ, ಏಳು ತಾಸಿನ ಒಳಗೆ ಮೆಜೆಸ್ಟಿಕ್.

ಶಿರಸಿಯವರ ಮಾತು ಬೇರೆ. ಶಿರಸಿಯಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನೇರ ಗೆರೆ 87 ಕಿ.ಮೀ., ರಸ್ತೆ ಸುಮಾರು 100. ಊರು ಮೊದಲೇ ಘಟ್ಟದ ಮೇಲಿದೆ, ಮುಂಡಗೋಡ, ತಡಸ ದಾಟಿದರೆ ಹುಬ್ಬಳ್ಳಿ. ಕಾರವಾರದಿಂದ ನೇರ ಗೆರೆ 119, ರಸ್ತೆ 165. ನಡುವಿನ 46 ಕಿ.ಮೀ. ಅಂಕೋಲೆಗೆ ಇಳಿದು ಬರುವ ಸುತ್ತು ಮತ್ತು ಘಟ್ಟದ ತಿರುವುಗಳ ಪಾಲು. ಶಿರಸಿಯವರಿಗೆ ವಿಮಾನದಲ್ಲಿ ಎರಡು ತಾಸು ನಿಜವಾಗಿ ಉಳಿಯುತ್ತದೆ.

ಬೆಂಗಳೂರು ದಾಟಿ ಹೈದರಾಬಾದ್, ದೆಹಲಿ, ಕೋಲ್ಕತ್ತ ಎಂದರೆ ಈ ತಕರಾರೇ ಇಲ್ಲ, ವಿಮಾನ ಹತ್ತಿ.

ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಹಿಂದಿನಿಂದ ಎಣಿಸಿ. ಹುಬ್ಬಳ್ಳಿಯಿಂದ ವಿಮಾನ 10 ಗಂಟೆಗೆ ಎಂದಿಟ್ಟುಕೊಳ್ಳಿ. ಲಗೇಜು ಕೌಂಟರ್ 60 ನಿಮಿಷ ಮುಂಚೆ, 9ಕ್ಕೆ ಮುಚ್ಚುತ್ತದೆ. ಗೇಟು 25 ನಿಮಿಷ ಮುಂಚೆ. ಕೌಂಟರ್ ಮುಚ್ಚುವುದಕ್ಕೆ ಮುಕ್ಕಾಲು ತಾಸು ಮೊದಲು, ಅಂದರೆ 8.15ಕ್ಕೆ ಬಾಗಿಲಲ್ಲಿ ಇರಬೇಕು. ಕಾರವಾರದವರು ನಾಲ್ಕು ತಾಸು ಹಿಂದೆ ಹೋದರೆ 4.15. ಮಳೆಗಾಲವಾದರೆ ಇನ್ನೊಂದು ತಾಸು ಕಳೆಯಿರಿ, 3.15. ಶಿರಸಿಯವರು ಕಾರಿನಲ್ಲಿ 5.45ಕ್ಕೆ ಹೊರಟರೆ ಸಾಕು.

ಹುಬ್ಬಳ್ಳಿಯಲ್ಲಿ ಮುಂಜಾನೆ 7ರ ವಿಮಾನ ಹಿಡಿಯಬೇಕಾದ ಕಾರವಾರದವರು ರಾತ್ರಿ ಒಂದಕ್ಕೆ ಹೊರಡುವ ಸಾಹಸ ಬಿಟ್ಟು ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ರಾತ್ರಿ ಅರಬೈಲಿನಲ್ಲಿ ಒಂದು ಲಾರಿ ಅಡ್ಡ ನಿಂತರೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ ಎಂಬ ಸ್ಥಿತಿ. ಲಾಡ್ಜಿನ ಬಾಡಿಗೆ ತಪ್ಪಿಹೋದ ಟಿಕೆಟಿಗಿಂತ ಯಾವಾಗಲೂ ಅಗ್ಗ.

ಮಳೆಗಾಲದಲ್ಲಿ ಏನೇನು ಕೆಡುತ್ತದೆ?

ಮೊದಲು ಕೆಡುವುದು ರಸ್ತೆ, ಆಮೇಲೆ ಆಕಾಶ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಮುಂದಿನ ತಿಂಗಳು, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಸದಾಶಿವಗಡ ದಾಟಿ ಗೋವಾಕ್ಕೆ ಹೋಗುವ ದಾರಿಯೇ ಅದು. ವಾಹನಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ ಹೋಗಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮುನ್ನ ಒಮ್ಮೆ ದಾರಿಯ ಸ್ಥಿತಿ ವಿಚಾರಿಸಿಕೊಳ್ಳಿ. ಆ ದಿನ ಬಸ್ಸು ಓಡಿಸಿದ ಡಿಪೋದವರನ್ನು ಕೇಳಿದರೆ ನಕ್ಷೆಯ ಆ್ಯಪಿಗಿಂತ ಖಚಿತ ಉತ್ತರ ಸಿಗುತ್ತದೆ.

ಆಕಾಶದ ಕಡೆ ತೊಂದರೆ ಕೊಡುವುದು ಮಳೆಗಿಂತ ಹೆಚ್ಚಾಗಿ ಕೆಳಗಿಳಿದ ಮೋಡ. ಐಎಲ್‌ಎಸ್ ಎಂಬ, ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ಉಪಕರಣ ಇರುವ ರನ್‌ವೇಯಲ್ಲಿ ಸಾಮಾನ್ಯ ಮಟ್ಟದ ಇಳಿಯುವಿಕೆಗೆ 550 ಮೀಟರ್ ಕಂಡರೆ ಸಾಕು. ಉಪಕರಣ ಇಲ್ಲದ ಕಡೆ ಅದರ ಎರಡು ಮೂರು ಪಟ್ಟು ಬೇಕಾಗಬಹುದು. ಅಷ್ಟು ಕಾಣದಿದ್ದರೆ ಪೈಲಟ್ ಸ್ವಲ್ಪ ಹೊತ್ತು ಮೇಲೆ ಸುತ್ತಿ, ಇಂಧನ ನೋಡಿಕೊಂಡು ಬೇರೆ ನಿಲ್ದಾಣಕ್ಕೆ ಹೋಗುತ್ತಾನೆ. ಮಂಗಳೂರಿನದ್ದು ಗುಡ್ಡದ ನೆತ್ತಿ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ, ತುದಿಯಾಚೆ ಕಣಿವೆ. ಜೋರು ಮಳೆಯಲ್ಲಿ ಅಲ್ಲಿ ಯಾರೂ ಧೈರ್ಯ ಪರೀಕ್ಷೆ ಮಾಡುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿಯಲಾಗದ ವಿಮಾನ ಬೆಳಗಾವಿಗೆ ಹೋದರೆ 75 ಕಿ.ಮೀ., ಆದರೆ ಮರಳಿ ಬೆಂಗಳೂರಿಗೇ ಹೋಗುವುದೂ ಉಂಟು. ಆದ್ದರಿಂದ ಮಳೆಗಾಲದಲ್ಲಿ ಮದುವೆಯ ಮುಹೂರ್ತಕ್ಕೆ, ಸಂದರ್ಶನಕ್ಕೆ ಅದೇ ದಿನದ ವಿಮಾನ ಹಿಡಿಯಬೇಡಿ.

ವಿಮಾನ ತಡವಾದರೆ, ರದ್ದಾದರೆ ಏನು ಸಿಗುತ್ತದೆ?

ಇಲ್ಲಿ ಬ್ಲಾಕ್ ಸಮಯ ಮತ್ತೆ ಬರುತ್ತದೆ, ವಿಮಾನಯಾನವನ್ನು ನಿಯಂತ್ರಿಸುವ ಸರಕಾರಿ ಸಂಸ್ಥೆ ಡಿಜಿಸಿಎಯ ನಿಯಮ ನಿಂತಿರುವುದೇ ಅದರ ಮೇಲೆ. ಎರಡೂವರೆ ತಾಸಿನೊಳಗಿನ ಪ್ರಯಾಣ ಎರಡು ತಾಸು ಅಥವಾ ಹೆಚ್ಚು ತಡವಾದರೆ ತಿಂಡಿ–ಊಟ ಕೊಡಬೇಕು. ಮೇಲೆ ಲೆಕ್ಕ ಹಾಕಿದ ಹಾರಾಟಗಳೆಲ್ಲ ಇದರೊಳಗೇ ಬರುತ್ತವೆ. ಆರು ತಾಸಿಗಿಂತ ಹೆಚ್ಚು ತಡ ಎಂದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು.

24 ತಾಸು ಮೊದಲು ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಉಂಟು. ಬ್ಲಾಕ್ ಸಮಯ ಒಂದು ತಾಸಿನವರೆಗೆ ಇದ್ದರೆ 5,000 ರೂಪಾಯಿ, ಒಂದರಿಂದ ಎರಡು ತಾಸಾದರೆ 7,500. ಇಲ್ಲವೇ ಮೂಲದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಆದರೆ ಹವಾಮಾನದ ಕಾರಣಕ್ಕೆ ರದ್ದಾದರೆ ಪರಿಹಾರ ಇಲ್ಲ, ಟಿಕೆಟ್ ಹಣ ಮಾತ್ರ ವಾಪಸ್. ಹಾಗಾಗಿ ರದ್ದಿನ ಕಾರಣವನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಪಡೆದುಕೊಳ್ಳಿ. ಬುಕ್ ಮಾಡುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಏಜೆಂಟರ ನಂಬರ್ ಇದ್ದರೆ ಸಂದೇಶ ಅವರಿಗೇ ಹೋಗುತ್ತದೆ, 'ತಿಳಿಸಿದ್ದೇವೆ' ಎಂದು ಕಂಪನಿ ಕೈತೊಳೆದುಕೊಳ್ಳುತ್ತದೆ.

ಗೋವಾದಲ್ಲಿ ಎರಡು ನಿಲ್ದಾಣ ಇವೆಯಲ್ಲ, ಕಾರವಾರದವರಿಗೆ ಯಾವುದು?

ದಾಬೋಲಿಮ್. ಅದರ ಸಂಕೇತ ಜಿಒಐ. 2023ರ ಜನವರಿಯಲ್ಲಿ ಹಾರಾಟ ಶುರುವಾದ ಮೋಪಾದ ಮನೋಹರ ನಿಲ್ದಾಣದ್ದು ಜಿಒಎಕ್ಸ್. ಕೊನೆಯ ಒಂದಕ್ಷರ ನೋಡದೆ ಬುಕ್ ಮಾಡಿ ತಪ್ಪು ನಿಲ್ದಾಣಕ್ಕೆ ಹೋಗುವುದು ಗೋವಾ ದಾರಿಯಲ್ಲಿ ಎಲ್ಲರೂ ಮಾಡುವ ತಪ್ಪು. ಎರಡರ ನಡುವೆ ನೇರ ಗೆರೆ 40 ಕಿ.ಮೀ., ರಸ್ತೆ 60ರ ಮೇಲೆ. ದಾಬೋಲಿಮ್‌ನಲ್ಲಿ ನಿಂತು ತಪ್ಪು ಗೊತ್ತಾದರೆ ಒಂದೂವರೆ ತಾಸು ಬೇಕು. ಅಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ. ಮೋಪಾ ಗೋವಾದ ಉತ್ತರದ ತುದಿಯಲ್ಲಿದೆ, ಕಾರವಾರದಿಂದ ಪಣಜಿ ದಾಟಿ ಸುಮಾರು 135 ಕಿ.ಮೀ. ದರ ಸಾವಿರ ರೂಪಾಯಿ ಕಡಿಮೆ ಕಂಡರೂ ಟ್ಯಾಕ್ಸಿ ಅದನ್ನು ನುಂಗುತ್ತದೆ.

ಇಂಥದ್ದೇ ಇನ್ನೊಂದು ಜೋಡಿ: ಬೆಳಗಾವಿ ಐಎಕ್ಸ್‌ಜಿ, ಮಂಗಳೂರು ಐಎಕ್ಸ್‌ಇ. ಹುಬ್ಬಳ್ಳಿ ಎಚ್‌ಬಿಎಕ್ಸ್, ಶಿವಮೊಗ್ಗ ಆರ್‌ಕ್ಯೂವೈ. ಇವುಗಳಲ್ಲಿ ಗೊಂದಲ ಇಲ್ಲ.

ಕಾರವಾರದಿಂದ ರೈಲಿನಲ್ಲೂ ಹೋಗಬಹುದು. ಕೊಂಕಣ ರೈಲಿನಲ್ಲಿ ಮಡಗಾಂವ್‌ಗೆ ಒಂದು, ಒಂದೂ ಕಾಲು ತಾಸು, ಅಲ್ಲಿಂದ ಟ್ಯಾಕ್ಸಿಯಲ್ಲಿ ದಾಬೋಲಿಮ್‌ಗೆ ಮುಕ್ಕಾಲು ತಾಸು. ಕಾರವಾರದ ಸ್ಟೇಶನ್ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ, ರಿಕ್ಷಾ ಹೊತ್ತನ್ನೂ ಸೇರಿಸಿಕೊಳ್ಳಿ. ರೈಲು ತಡವಾದರೆ ಎಂದು ಎರಡು ತಾಸು ಕೈಯಲ್ಲಿಟ್ಟುಕೊಳ್ಳಿ. ಇಳಿದು ಬರುವಾಗ ನಿಲ್ದಾಣದ ಪ್ರಿಪೇಯ್ಡ್ ಕೌಂಟರಿನಲ್ಲಿ ಮಡಗಾಂವ್‌ವರೆಗೆ ಮಾತ್ರ ಟ್ಯಾಕ್ಸಿ ಮಾಡಿ. ಕಾರವಾರದವರೆಗೆ ಎಂದರೆ ಗಡಿ ದಾಟುವ ದರ ಬೇರೆಯೇ ಆಗುತ್ತದೆ.

ನಿನ್ನೆ ಇದ್ದ ವಿಮಾನ ಇವತ್ತು ಪಟ್ಟಿಯಲ್ಲೇ ಇಲ್ಲ. ಸಣ್ಣ ನಿಲ್ದಾಣಗಳಲ್ಲಿ ಹೀಗೇಕೆ?

ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯಲ್ಲಿ ಶುರುವಾದ ಮಾರ್ಗಗಳಿಗೆ ಸರಕಾರದ ನೆರವು ಮೂರು ವರ್ಷ. ಅರ್ಧದಷ್ಟು ಸೀಟಿಗೆ ದರದ ಮಿತಿ, ಆಗುವ ನಷ್ಟಕ್ಕೆ ಸಹಾಯಧನ. ಅವಧಿ ಮುಗಿದಾಗ ಸೀಟು ತುಂಬುತ್ತಿದ್ದರೆ ಮಾರ್ಗ ಉಳಿಯುತ್ತದೆ, ಇಲ್ಲದಿದ್ದರೆ ವಿಮಾನ ಬೇರೆ ಊರಿಗೆ ಹೋಗುತ್ತದೆ. ವೇಳಾಪಟ್ಟಿ ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಆ ಬದಲಾವಣೆಯ ಆಚೆಗಿನ ದಿನಕ್ಕೆ ಮೊದಲೇ ಟಿಕೆಟ್ ತೆಗೆದವರು ಬದಲಾವಣೆಯ ಸಂದೇಶ ಬಂದಿದೆಯೇ ಎಂದು ನೋಡುತ್ತಿರಬೇಕು.

ಎಟಿಆರ್‌ನಲ್ಲಿ ಸೀಟು ಯಾವುದು ಒಳ್ಳೆಯದು? ಲಗೇಜು?

ಎಟಿಆರ್‌ಗೆ ಹತ್ತುವ ಬಾಗಿಲು ಹಿಂದೆ. ಬೇಗ ಇಳಿಯಬೇಕಾದವರು ಹಿಂದಿನ ಸೀಟು ತೆಗೆದುಕೊಳ್ಳಿ, ಫ್ಯಾನಿನ ಸದ್ದೂ ಅಲ್ಲಿ ಕಡಿಮೆ. ರೆಕ್ಕೆ ಮೇಲಿರುವುದರಿಂದ ಯಾವ ಕಿಟಕಿಯಿಂದಲೂ ಕೆಳಗಿನದು ಕಾಣುತ್ತದೆ. ಸೀಟು ಎರಡು–ಎರಡು, ನಡುವಿನ ಸೀಟಿನ ಕಾಟವಿಲ್ಲ.

ಮೇಲಿನ ಗೂಡು ಮಾತ್ರ ಸಣ್ಣದು. ಏಳು ಕಿಲೋ ಮೀರದ ಗಾಲಿ ಸೂಟ್‌ಕೇಸೂ ಹಿಡಿಯದೆ ಮೆಟ್ಟಿಲ ಬಳಿಯೇ ತೆಗೆದುಕೊಂಡು ಕೆಳಗೆ ಹಾಕುವುದುಂಟು. ಪವರ್ ಬ್ಯಾಂಕ್, ಔಷಧ, ಒಡವೆ ಇದ್ದರೆ ಕೊಡುವ ಮೊದಲು ಕೈಚೀಲಕ್ಕೆ ತೆಗೆದುಕೊಳ್ಳಿ. ಪವರ್ ಬ್ಯಾಂಕ್ ಕೆಳಗಿನ ಲಗೇಜಿನಲ್ಲಿ ಹೋಗುವಂತೆಯೇ ಇಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಕೊಬ್ಬರಿ ಒಯ್ಯಬಹುದೇ?

ಉಪ್ಪಿನಕಾಯಿ, ಜೋನಿಬೆಲ್ಲ ಕೆಳಗಿನ ಲಗೇಜಿಗೆ ಹಾಕಿ, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಮೇಲೇರಿದಾಗ ಒತ್ತಡ ಇಳಿದು ಬಾಟಲಿಯೊಳಗಿನ ಗಾಳಿ ಹಿಗ್ಗುತ್ತದೆ, ಗಂಟಲಮಟ್ಟ ತುಂಬಿದ ಬಾಟಲಿ ಎಣ್ಣೆ ಕಾರುವುದು ಇದರಿಂದಲೇ. ಎರಡು ಬೆರಳು ಖಾಲಿ ಬಿಟ್ಟು, ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಬಿಗಿದು, ಎರಡು ಕವರಿನಲ್ಲಿ ಸುತ್ತಿ, ಹಳೇ ಪಂಚೆಯ ನಡುವೆ ಇಡಿ. ಅಡಿಕೆಗೆ ತೊಂದರೆಯಿಲ್ಲ, ತೂಕ ನೋಡಿಕೊಳ್ಳಿ. ಸಾಮಾನ್ಯ ಟಿಕೆಟಿಗೆ ಕೆಳಗಿನ ಲಗೇಜು 15 ಕಿಲೋ.

ಒಣ ಕೊಬ್ಬರಿ ಬೇಡ. ಎಣ್ಣೆಯ ಅಂಶದಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಎಂದು ವಿಮಾನಯಾನದ ಅಪಾಯಕಾರಿ ಸಾಮಗ್ರಿಗಳ ಪಟ್ಟಿಯಲ್ಲಿ ಅದಕ್ಕೆ ಹೆಸರಿದೆ. ಮಗಳ ಮನೆಗೆ ಕಳಿಸಲೇಬೇಕೆಂದರೆ ಬಸ್ಸಿನ ಪಾರ್ಸೆಲ್‌ಗೆ ಹಾಕಿ.

ಅಲಗೇರಿಯಲ್ಲಿ ನಿಲ್ದಾಣ ಆದರೆ ಅಂಕೋಲೆಯಿಂದ ಬೆಂಗಳೂರಿಗೆ ಎಷ್ಟು ಹೊತ್ತು?

ನೇರ ಗೆರೆ ಸುಮಾರು 400 ಕಿ.ಮೀ. ಮೇಲಿನ ಸೂತ್ರದ ಪ್ರಕಾರ ಎಟಿಆರ್‌ನಲ್ಲಿ 78 ನಿಮಿಷ, ಹುಬ್ಬಳ್ಳಿಯಿಂದ ಹೋಗುವುದಕ್ಕಿಂತ ಮೂರು ನಿಮಿಷ ಹೆಚ್ಚು. ಆದರೆ ಕಾರವಾರದವರ ರಸ್ತೆ 165 ಕಿ.ಮೀ.ಯಿಂದ 35ರ ಸುಮಾರಿಗೆ ಇಳಿಯುತ್ತದೆ, ಅರಬೈಲ್ ಘಟ್ಟ ದಾರಿಯಲ್ಲೇ ಬರುವುದಿಲ್ಲ.